ಗಾಜಿನ ಹೆಂಚಿನ ಬಿಸಿಲು

ಸೋಮವಾರ ಬೆಳಿಗ್ಗೆ ಲೈಬ್ರರಿಯ ನಸೀಬಾ ಅಳುತ್ತಾ ಬಂದು ಗಣಿತದ ಜುಲೈಕಾ ಟೀಚರ್ ಮುಂದೆ ನಿಂತಳು.

"ಸಂಜೆಯೊಳಗೆ ಹೆಡ್‌ಮಾಸ್ಟರಿಗೆ ರಾಜೀನಾಮೆ ಬರೆದು ಕೊಡಬೇಕಂತೆ. ನಾನು ಮಾಡಿಲ್ಲ ಟೀಚರ್."

ಪಕ್ಕದಲ್ಲಿ ಚಹಾ ಸೋಸುತ್ತಿದ್ದ ಜವಾನ ಲೋಕಯ್ಯ ತಲೆ ಎತ್ತಲಿಲ್ಲ. ಮಿಜಾರಿನ ಆ ಹೈಸ್ಕೂಲಿನಲ್ಲಿ ಏನು ಕಳೆದರೂ ಪತ್ತೆ ಮಾಡುವವರು ಜುಲೈಕಾ ಟೀಚರ್, ಅವರ ಬೆನ್ನಿಗೆ ನಿಲ್ಲುವವನು ಲೋಕಯ್ಯ. ಆದರೆ ಈ ಸಲ ಅವನಿಗೂ ನಸೀಬಾಳ ಮೇಲೆಯೇ ಅನುಮಾನ.

ಶಾಲೆಯ ಫೋಟೋಗಳನ್ನು ಲೈಬ್ರರಿಯ ಕಂಪ್ಯೂಟರಿನಿಂದ ಇಂಟರ್ನೆಟ್ ಆಲ್ಬಮ್ಮಿಗೆ ಹಾಕುವುದು 2008ರಲ್ಲಿ ಅಲ್ಲಿ ಹೊಸ ಹುಚ್ಚು. ಪಾಸ್‌ವರ್ಡ್ ಏನು ಗುಟ್ಟೇ? ಮಾನಿಟರಿಗೇ ಚೀಟಿ ಅಂಟಿಸಿತ್ತು. ಎಲ್ಲರಿಗಿಂತ ಹೆಚ್ಚು ಉತ್ಸಾಹ ಕಂಪ್ಯೂಟರ್ ಕಲಿಸುವ ಅಶ್ವಿತ್ ಸರ್‌ದು. ದುಬೈಯಿಂದ ಬಂದ ಗೆಳೆಯನಿಂದ ಕೊಂಡ ಕ್ಯಾಮೆರಾ ಸದಾ ಅವರ ಕೊರಳಲ್ಲಿ. ಶನಿವಾರ ನೋಡಿದರೆ ಅದೇ ಆಲ್ಬಮ್ಮಿನಲ್ಲಿ, ಲೈಬ್ರರಿ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಫೋಟೋ. ಕೆಳಗೆ ಫೋಟೋ ತೆಗೆದ ಹೊತ್ತು: ಶುಕ್ರವಾರ 11.10. ಆಗ ಇಡೀ ಶಾಲೆ ಸಭಾಂಗಣದಲ್ಲಿ, ಶಿಕ್ಷಕರ ದಿನಾಚರಣೆಯಲ್ಲಿತ್ತು. ಲೈಬ್ರರಿಯಲ್ಲಿದ್ದವಳು ನಸೀಬಾ ಒಬ್ಬಳೇ.

ಜುಲೈಕಾ ಟೀಚರ್ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ನಡುಮೇಜಿನ ಮೇಲಿಟ್ಟ ಪತ್ರಿಕೆಗೆ ಚೌಕ ಬಿಸಿಲು ಬಿದ್ದಿತ್ತು.

"ಲೋಕಯ್ಯಣ್ಣ, ಲೈಬ್ರರಿ ಮಾಡಿನಲ್ಲಿ ಗಾಜಿನ ಹೆಂಚು ಎಷ್ಟುಂಟು?"

"ಒಂದೇ ಟೀಚರ್. ಮೇಜಿನ ನೆತ್ತಿಗೆ ಸರಿಯಾಗಿ."

"ಬಿಸಿಲು ಮೇಜಿಗೆ ಬರುವುದು ಎಷ್ಟು ಗಂಟೆಗೆ ಅಂತ ಇವತ್ತು ಕೂತು ನೋಡಿ."

ಇದೆಂಥ ಕೆಲಸ ಮಾರಾಯ್ರೇ ಎಂದು ಗೊಣಗುತ್ತಲೇ ಲೋಕಯ್ಯ ಕೂತ. 11.10ಕ್ಕೆ ಬಿಸಿಲು ಪಶ್ಚಿಮದ ಗೋಡೆಯ ಮೇಲಿತ್ತು. ಮೇಜಿಗೆ ಇಳಿದಾಗ 12.40.

ಸಂಜೆ ಹೆಡ್‌ಮಾಸ್ಟರ್ ಧರ್ಣಪ್ಪನವರ ಕೋಣೆಯಲ್ಲಿ ಎಲ್ಲರೂ ಸೇರಿದರು. ರಾಜೀನಾಮೆ ಪತ್ರ ಮೇಜಿನ ಮೇಲಿತ್ತು.

"ಫೋಟೋ ತೆಗೆದದ್ದು 12.40ಕ್ಕೆ," ಎಂದರು ಜುಲೈಕಾ ಟೀಚರ್. "ಬಿಸಿಲು ಸುಳ್ಳು ಹೇಳುವುದಿಲ್ಲ ಸರ್. ಆಗ ನಸೀಬಾ ಲೈಬ್ರರಿ, ಕಪಾಟು ಎರಡರ ಬೀಗದಕೈಗಳನ್ನೂ ಸ್ಟಾಫ್‌ರೂಮಿನ ಮೊಳೆಗೆ ಹಾಕಿ ನನ್ನ ಜೊತೆ ನಮಾಜಿನಲ್ಲಿದ್ದಳು. ಹಾಗಾದರೆ 11.10 ಎಲ್ಲಿಂದ ಬಂತು? ನಮಗಿಂತ ಒಂದೂವರೆ ಗಂಟೆ ಹಿಂದೆ ಇರುವುದು ದುಬೈ. ನನ್ನ ಗಂಡ ಫೋನ್ ಮಾಡುವಾಗೆಲ್ಲ ಇದೇ ಲೆಕ್ಕ ಹಾಕ್ತೇನೆ. ಅಲ್ಲಿಂದ ಬಂದ ಕ್ಯಾಮೆರಾದ ಗಡಿಯಾರವನ್ನು ಯಾರೋ ಇಲ್ಲಿಯ ಹೊತ್ತಿಗೆ ಬದಲಿಸಲು ಮರೆತಿದ್ದಾರೆ."

ಅಶ್ವಿತ್ ನಕ್ಕರು. "ಗಲ್ಫ್ ಕ್ಯಾಮೆರಾ ಈ ಊರಲ್ಲಿ ಮನೆಗೊಂದುಂಟು ಟೀಚರ್."

"ಹೌದು. ಹಾಗಾಗಿ ನೀವೇ ಆಲ್ಬಮ್ಮಿಗೆ ಹಾಕಿದ ಶಿಕ್ಷಕರ ದಿನದ ಫೋಟೋ ನೋಡಿದೆ. ದೀಪ ಹಚ್ಚುವ ಫೋಟೋದ ಕೆಳಗೆ 9.15 ಅಂತ ಉಂಟು. ಲೋಕಯ್ಯಣ್ಣ, ಅವತ್ತು ಸಭಾಂಗಣದ ಬೀಗ ತೆಗೆದದ್ದು ಎಷ್ಟಕ್ಕೆ?"

"ಹತ್ತಕ್ಕೆ. ದೀಪ ಹಚ್ಚುವಾಗ ಹತ್ತೂಮುಕ್ಕಾಲು."

ಇಲ್ಲೂ ಅದೇ ಒಂದೂವರೆ ಗಂಟೆಯ ವ್ಯತ್ಯಾಸ. ಅಶ್ವಿತ್ ಅವರ ಮುಖ ಸಪ್ಪೆಯಾಯಿತು. ವಾಮದಪದವಿನಲ್ಲಿ ತಾವು ನಡೆಸುವ ಟ್ಯೂಷನ್ನಿನ ಮಕ್ಕಳಿಗೆ ಮಾತ್ರ ತೋರಿಸಲು ಹಾಕಿದ್ದು, ಎಲ್ಲರಿಗೂ ಕಾಣುವಂತೆ ಆಗಿಹೋಯಿತು ಎಂದು ಒಪ್ಪಿಕೊಂಡರು. 11.10ಕ್ಕೆ ತಾವು ವೇದಿಕೆಯ ಮೇಲಿದ್ದುದರಿಂದ, ತಪ್ಪು ಹೊತ್ತೇ ಕಾಪಾಡುತ್ತದೆಂದು ಬಾಯಿ ಮುಚ್ಚಿಕೊಂಡಿದ್ದರು.

ಧರ್ಣಪ್ಪನವರು ರಾಜೀನಾಮೆಯನ್ನು ಹರಿದು ಹಾಕಿದರು. ನಸೀಬಾ ಅವರತ್ತ ನೋಡಲೇ ಇಲ್ಲ.

"ಲೋಕಯ್ಯಣ್ಣ, ನೀವು ಕೂಡ ನನ್ನನ್ನೇ ಅಂತ ನಂಬಿದ್ರಲ್ಲ?"

ಲೋಕಯ್ಯನಿಗೆ ನಾಚಿಕೆಯಾಯಿತು. "ನಂಬಿದ್ದೆ ಮಗಾ," ಎಂದ. ಲೈಬ್ರರಿಯ ಬೀಗದಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಅವಳು ಅದನ್ನು ತೆಗೆದುಕೊಳ್ಳಲು ತುಂಬ ಹೊತ್ತು ಹಿಡಿಯಿತು.