ಬೆಳಗಿನ ಚಕ್ಕೆ ನೀರು

“ನೂರಾ ಹದಿನೆಂಟು! ಕಣ್ಣು ಬಿಟ್ಟು ನೋಡೇ, ಕಾಂಪೌಂಡರನ ಮಗಳೇ! ಆರು ತಿಂಗಳ ಹಿಂದೆ ಮುನ್ನೂರು ದಾಟಿತ್ತು. ಇಳಿಸಿದ್ದು ಯಾವ ಮಾತ್ರೆ? ನಮ್ಮ ಅಂಗಡಿ ಚಕ್ಕೆ ಕಣೇ, ಚಕ್ಕೆ!”

ಅತ್ತೆ ತಮ್ಮ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಯ ಚೀಟಿಯನ್ನು ಸೊಸೆಯ ಮೂಗಿಗೆ ತಾಗುವ ಹಾಗೆ ಆಡಿಸುತ್ತಿದ್ದರು. ಭಾನುವಾರದ ಬೆಳಗು. ಸೊಸೆ ತಲೆ ತಗ್ಗಿಸಿ, ಪುಟ್ಟ ಕುಟ್ಟಾಣಿಯನ್ನು ಸೆರಗಿನಡಿ ಮರೆಮಾಡಿಕೊಂಡು ನಿಂತಿದ್ದಳು. ಅದರ ತಳದಲ್ಲಿ ಇನ್ನೂ ಚೂರು ಬಿಳಿ ಪುಡಿ ಅಂಟಿತ್ತು...

ಮನೆಯ ಕೆಳಗೇ ಅವರ ಮಸಾಲೆ ಅಂಗಡಿ. ಮಾವನವರ ಕಾಲದಿಂದಲೂ ಅದು ಹೆಸರು ಮಾಡಿದ್ದು ಚಕ್ಕೆಯಿಂದ. ಕಾಗದದ ಸುರುಳಿಯಂಥ ತೆಳು ಚಕ್ಕೆ, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಅತ್ತೆ ಗಲ್ಲಾದಲ್ಲಿ ಕೂತರೆ ಗಿರಾಕಿಗಳಿಗೆ ಪಾಠ ಪುಕ್ಕಟೆ. ಹೊಟ್ಟೆಯುಬ್ಬರಕ್ಕೆ ಚಕ್ಕೆ, ಬಾಯಿವಾಸನೆಗೆ ಚಕ್ಕೆ, ನೆಗಡಿಗೂ ಚಕ್ಕೆ. ಅದರಲ್ಲಿ ನಾರಿದೆ, ಸುಣ್ಣದಂಶವಿದೆ, ಕಬ್ಬಿಣವಿದೆ... ಇರಲಿ, ಅಷ್ಟರಮಟ್ಟಿಗೆ ಯಾರಿಗೂ ತಕರಾರಿಲ್ಲ. ಆದರೆ ಪಾಠ ಸಕ್ಕರೆ ಕಾಯಿಲೆಗೆ ಬಂದು ನಿಂತಾಗಲೇ ತಂಟೆ. “ಅಡುಗೆಗೆ ಹಾಕ್ಕೊಳ್ಳಿ ತಾಯಿ, ಒಳ್ಳೇದೇ. ಮಾತ್ರೆ ಜಾಗಕ್ಕೆ ಮಾತ್ರ ಅದು ಬರಲ್ಲ,” ಎಂದಿದ್ದರು ಡಾಕ್ಟರು. ಅತ್ತೆ ಮನೆಗೆ ಬಂದವರೇ ಮಾತ್ರೆಯ ಪಟ್ಟಿಯನ್ನು ಬಚ್ಚಲಿಗೆ ಎಸೆದರು. ತಮ್ಮ ಗಂಡ ಹಿಡಿ ಹಿಡಿ ಮಾತ್ರೆ ನುಂಗಿಯೂ ಆಸ್ಪತ್ರೆಯ ಮಂಚದ ಮೇಲೆ ಪ್ರಾಣ ಬಿಟ್ಟಿದ್ದನ್ನು ಅವರು ಮರೆತಿರಲಿಲ್ಲ.

“ಹಿತ್ತಲ ಗಿಡ ಮದ್ದಲ್ಲ ಅನ್ನೋ ಜನ ನೀವು! ನಿಮ್ಮಪ್ಪ ಡಬ್ಬಿಗೆ ಮಾತ್ರೆ ಎಣಿಸಿ ಹಾಕ್ತಿದ್ದನಲ್ಲ, ನಿನಗೆ ಮಾತ್ರೇನೇ ದೇವರು.”

ಆ ದಿನಗಳಲ್ಲಿ ಅತ್ತೆಯ ಕಾಲ್ಬೆರಳಿನ ಗಾಯ ಒಣಗದೆ ಕಪ್ಪಾಗುತ್ತಿತ್ತು. ಕಾಲು ತೆಗೆಯಬೇಕಾದೀತು ಎಂದು ಡಾಕ್ಟರು ಮಗನಿಗೆ ಗುಟ್ಟಾಗಿ ಹೇಳಿದ್ದರು. ಮಗನೋ, ತಾಯಿಯ ಮುಂದೆ ಬಾಯಿ ಬಿಡದ ಗಂಡಸು. ಆಗ ಸೊಸೆ ಒಂದು ಉಪಾಯ ಹೂಡಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅತ್ತೆ ಬೆಳಗ್ಗೆ, ಸಂಜೆ ಕುಡಿಯುವ ಚಕ್ಕೆ ನೀರಿಗೆ ಡಾಕ್ಟರು ಬರೆದ ಮಾತ್ರೆಯನ್ನೇ ಕುಟ್ಟಿ ಬೆರೆಸತೊಡಗಿದಳು. ಚಕ್ಕೆಯ ಖಾರಕ್ಕೆ ಮಾತ್ರೆಯ ಕಹಿ ಗೊತ್ತಾಗಲಿಲ್ಲ. ಗಾಯ ಒಣಗಿತು, ಅತ್ತೆ ಮೆಟ್ಟಿಲು ಇಳಿದು ಮತ್ತೆ ಗಲ್ಲಾದಲ್ಲಿ ಕೂತರು. ಬೈಗುಳ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಆದರೂ ಸೊಸೆಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಆ ಭಾನುವಾರ ನಾದಿನಿಯೂ ಬಂದಿದ್ದಳು. ಸಣ್ಣ ಜೀವವಾದ್ದರಿಂದ ಮನೆಯವರೆಲ್ಲ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಬೇರೆ ಊರಿನ ಶಾಲೆಯಲ್ಲಿ ಟೀಚರು, ಹಾಸ್ಟೆಲಿನಲ್ಲಿ ವಾಸ. ಒಂಬತ್ತನೇ ವರ್ಷದಿಂದಲೂ ದಿನಕ್ಕೆ ಮೂರು ಸಲ ಇನ್ಸುಲಿನ್ ಸೂಜಿ ಚುಚ್ಚಿಕೊಂಡೇ ಬದುಕಿದವಳು. ಸೂಜಿಯ ವಿಷಯ ಕೇಳಿದೊಡನೆ ಮೂರು ಸಂಬಂಧಗಳು ಮುರಿದುಬಿದ್ದಿದ್ದವು. ಅವಳು ತಾಯಿಯ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ ಅಡುಗೆಮನೆಗೆ ಬಂದು ಅತ್ತಿಗೆಯ ಕೈ ಹಿಡಿದಳು.

“ಅತ್ತಿಗೆ, ಅಮ್ಮ ಹೇಳೋದು ಬಿಡು, ಅವಳಿಗೆ ಚಕ್ಕೆಯ ಹುಚ್ಚು. ನೀನು ಹೇಳು. ನಿಜವಾಗ್ಲೂ ಬರೀ ಚಕ್ಕೆಯಿಂದಾನಾ?”

ಸೊಸೆಗೆ ಬಿಸಿ ತುಪ್ಪ ಬಾಯಲ್ಲಿಟ್ಟಂತಾಯಿತು. ಬಾಗಿಲ ಹಿಂದೆಯೇ ಅತ್ತೆಯ ಹೆಜ್ಜೆ ಸಪ್ಪಳ ಕೇಳುತ್ತಿತ್ತು. ಈಗ ಬಾಯಿ ಬಿಟ್ಟರೆ ಲೋಟ ಗೋಡೆಗೆ ಹೋಗುತ್ತದೆ, ಮಾತ್ರೆ ನಿಲ್ಲುತ್ತದೆ, ಆ ಕಾಲು...

“ಹೂಂ,” ಎಂದಳು.

ಒಂದೇ ಒಂದು ಹೂಂ! ಅಯ್ಯೋ, ಆ ಮಾತನ್ನು ನುಂಗಿಕೊಂಡಿದ್ದರೆ! ಗುಬ್ಬಿ ಅತ್ತಿಗೆಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಸಂಜೆ ಹೊರಡುವಾಗ ಅತ್ತೆ ತಾವೇ ಒಂದು ಡಬ್ಬಿ ಚಕ್ಕೆ ಪುಡಿ ಕಟ್ಟಿಕೊಟ್ಟರು. “ಬಿಸಾಕು ಆ ಸೂಜಿಗಳನ್ನ. ಹದಿನೇಳು ವರ್ಷ ಮೈಯೆಲ್ಲ ತೂತು ಮಾಡ್ಕೊಂಡಿದ್ದು ಸಾಕು, ನನ್ನ ಕಂದ,” ಎಂದು ಬಸ್ಸಿನ ಹತ್ತಿರ ಮಗಳ ಕಿವಿಯಲ್ಲಿ ಹೇಳಿದರು. ಅದು ಸೊಸೆಗೆ ಕೇಳಲಿಲ್ಲ.

ಸೋಮವಾರ ಗುಬ್ಬಿಗೆ ಫೋನ್ ಮಾಡಿ ನಿಜ ಹೇಳಿಬಿಡಬೇಕು ಎಂದುಕೊಂಡಳು. ಅಂದು ಅಂಗಡಿಗೆ ಹೊಸ ಚಕ್ಕೆಯ ಮೂಟೆ ಬಂತು. ಮಂಗಳವಾರ ಫೋನು ಕೈಗೆತ್ತಿಕೊಂಡು, ಅತ್ತೆ ಬಂದದ್ದು ಕಂಡು ಕೆಳಗಿಟ್ಟಳು. ಚಕ್ಕೆ ಕುಡಿದರೆ ಏನಾದೀತು, ಸೂಜಿಯಂತೂ ಇದ್ದೇ ಇದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬುಧವಾರ ಬೆಳಗ್ಗೆ ಹಾಸ್ಟೆಲಿನ ಮೇಲ್ವಿಚಾರಕಿಯೇ ಫೋನ್ ಮಾಡಿದಳು. “ನಿನ್ನೆಯಿಂದ ವಾಂತಿ. ಈಗ ಮಾತಾಡಿಸಿದ್ರೆ ಉತ್ತರ ಇಲ್ಲ. ಉಸಿರು ಜೋರಾಗಿ ಎಳೀತಿದಾಳೆ. ಆಸ್ಪತ್ರೆಗೆ ಸೇರಿಸಿದೀವಿ, ಬೇಗ ಬನ್ನಿ!”

ಆಸ್ಪತ್ರೆಯ ಪಡಸಾಲೆಯಲ್ಲಿ ನರ್ಸು ಒಂದು ಚೀಲ ತಂದುಕೊಟ್ಟಳು. ಒಳಗೆ ಸೀಲು ಒಡೆಯದ ಇನ್ಸುಲಿನ್ ಸೀಸೆ ಇತ್ತು, ಜೊತೆಗೆ ಅರ್ಧ ಖಾಲಿಯಾದ ಚಕ್ಕೆ ಪುಡಿಯ ಡಬ್ಬಿ. “ಮೂರು ದಿನದಿಂದ ಇನ್ಸುಲಿನ್ ತಗೊಂಡಿಲ್ಲ. ಯಾರು ಹೇಳಿದ್ದು ಬಿಡು ಅಂತ?”

“ನಾನು ಹೇಳಿದೆ,” ಎಂದರು ಅತ್ತೆ, ಇನ್ನೂ ಬಿಗುಮಾನದಿಂದಲೇ. “ನನಗೆ ಇಳಿದಿದೆಯಲ್ಲ! ಇವಳಿಗೂ ಇಳಿಯತ್ತೆ, ಸ್ವಲ್ಪ ದಿನ...”

“ಇಳಿದಿಲ್ಲ ಅತ್ತೆ!” ಸೊಸೆ ಅವರ ಕಾಲಬುಡದಲ್ಲಿ ಕುಸಿದಳು. “ಚಕ್ಕೆಯಿಂದ ಇಳಿದಿಲ್ಲ! ನಾನು... ದಿನಾ ನಿಮ್ಮ ಲೋಟಕ್ಕೆ ಮಾತ್ರೆ ಕುಟ್ಟಿ ಹಾಕ್ತಿದ್ದೆ... ಗುಬ್ಬಿ ಕೇಳಿದಾಗ ಸುಳ್ಳು ಹೇಳಿದೆ... ನಿಮ್ಮ ಕಾಲು ಉಳೀಲಿ ಅಂತ... ಅಷ್ಟೇ ಅತ್ತೆ, ಅಷ್ಟೇ...”

ಜೊತೆಗೆ ಬಂದಿದ್ದ ಗಂಡ ಅವಳ ಮೇಲೆ ಕೈಯೆತ್ತಿದ. ಅತ್ತೆ ಆ ಕೈಯನ್ನು ತಡೆದರು. ಮಧ್ಯಾಹ್ನ ಮೂರಕ್ಕೆ ಡಾಕ್ಟರು ಹೊರಗೆ ಬಂದು, ಉಳಿಸಿಕೊಳ್ಳಲಾಗಲಿಲ್ಲ ಎಂದಾಗಲೂ ಅತ್ತೆ ಅಳಲಿಲ್ಲ. ಡಬ್ಬಿಯ ಮುಚ್ಚಳವನ್ನು ತೆಗೆಯುತ್ತಾ, ಹಾಕುತ್ತಾ ಕೂತಿದ್ದರು.

ಇಪ್ಪತ್ತು ದಿನ ಅವರು ಸೊಸೆ ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಕಾಲ್ಬೆರಳು ಮತ್ತೆ ಬಾತುಕೊಂಡಿತು. “ನಿನ್ನನ್ನ ತವರಿಗೆ ಬಿಟ್ಟು ಬರ್ತೀನಿ, ಅಮ್ಮನಿಗೆ ನಿನ್ನ ಮುಖ ನೋಡೋಕಾಗ್ತಿಲ್ಲ,” ಎಂದ ಗಂಡ. ಅವಳು ಬಟ್ಟೆಬರೆ ಗಂಟು ಕಟ್ಟಿಕೊಂಡಳು. ಮೆಟ್ಟಿಲಿಳಿದು ಬಂದರೆ ಅಂಗಡಿ ತೆರೆದಿತ್ತು, ಅತ್ತೆ ಗಲ್ಲಾದಲ್ಲಿ ಕೂತಿದ್ದರು.

“ಗಂಟು ಕೆಳಗಿಡು,” ಎಂದರು ಅವಳ ಮುಖ ನೋಡದೆ. “ಮಾತ್ರೆ ತಂದಿದೀಯಾ?”

ಅವಳು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಮಾತ್ರೆಯ ಪಟ್ಟಿ ತೆಗೆದಳು. ಈ ಇಪ್ಪತ್ತು ದಿನವೂ ಅದು ಅಲ್ಲೇ ಇತ್ತು.

“ಕುಟ್ಟಬೇಡ. ಇಡಿಯಾಗಿ ಕೊಡು, ಕಣ್ಣಿಗೆ ಕಾಣೋ ಹಾಗೆ.” ಅತ್ತೆ ಅಂಗೈ ಚಾಚಿದರು. “ಬೆರೆಸಿದವಳು ನೀನು, ಹೇಳಿದವಳು ನಾನು. ನಿನ್ನನ್ನ ಕ್ಷಮಿಸೋಕೆ ನನ್ನಿಂದಾಗಲ್ಲ ಕಣೇ. ಆದ್ರೆ ನಿನ್ನ ಕಳಿಸಿಬಿಟ್ರೆ ತಪ್ಪೆಲ್ಲ ನಿಂದೇ ಅಂತಾಗತ್ತೆ. ನಾನು ಹಾಯಾಗಿ ಸತ್ತುಹೋಗ್ತೀನಿ. ಅದಾಗಬಾರದು.”

ಅಷ್ಟರಲ್ಲಿ ಗಿರಾಕಿ ಹೆಂಗಸೊಬ್ಬಳು ಬಂದಳು. “ಕಾಲು ಕಿಲೋ ಚಕ್ಕೆ ಕೊಡಿ ಅಮ್ಮಾ. ಸಕ್ಕರೆ ಕಾಯಿಲೆಗೆ ರಾಮಬಾಣ ಅಂತ ನೀವೇ ಹೇಳಿದ್ರಲ್ಲ.”

ಅತ್ತೆ ಮಾತ್ರೆಯನ್ನು ಅವಳೆದುರಿಗೇ ನಾಲಿಗೆಯ ಮೇಲಿಟ್ಟು ನೀರು ಕುಡಿದರು.

“ಹೇಳಿದ್ದೆ. ಅಡುಗೆಗೆ ಹಾಕ್ಕೊಳ್ಳಿ, ಒಳ್ಳೇದು. ಡಾಕ್ಟರು ಕೊಟ್ಟಿದ್ದು ಮಾತ್ರ ನಿಲ್ಲಿಸಬೇಡಿ.” ಅತ್ತೆ ಲೋಟ ಕೆಳಗಿಟ್ಟರು. “ನನ್ನ ಮಗಳು ನಿಲ್ಲಿಸಿದಳು...”

ಸೊಸೆ ಗಂಟನ್ನು ಮೂಲೆಗೆ ಸರಿಸಿ, ಕಣ್ಣೊರೆಸಿಕೊಂಡು, ತಕ್ಕಡಿಗೆ ಚಕ್ಕೆ ಹಾಕಿದಳು.