ನಾಲ್ಕು ಪೆಟ್ಟಿಗೆ ಗಿಬೋಶಿ

ಮೊದಲು ಬಂದದ್ದು ವಾಸನೆ.

ಮಾರ್ಚ್ ಕೊನೆಯ ವಾರ. ಟೋಫು ಅಂಗಡಿಯ ಹಿಂಗೋಡೆಗೆ ಒಟ್ಟಿದ್ದ ಹಿಮ ಮೊಣಕಾಲಿನಷ್ಟಕ್ಕೆ ಇಳಿದಿತ್ತು. ಹಿಸಾನೊ ಸಲಿಕೆಯಿಂದ ಅದನ್ನು ಸರಿಸುತ್ತ ಬಂದಳು. ಕುಂಡಗಳು ಒಂದೊಂದಾಗಿ ಮುಖ ತೋರಿಸಿದವು. ಕೊನೆಯ ನಾಲ್ಕು ಮರದ ಪೆಟ್ಟಿಗೆಗಳ ಹತ್ತಿರ ಬಂದಾಗ ಅವಳು ಮೂಗು ಮುಚ್ಚಿಕೊಂಡಳು. ಬೆರಳಿಟ್ಟಳು. ಗಿಡದ ಬುಡ ಕೊಳೆತ ಹಣ್ಣಿನಂತೆ ಒಳಕ್ಕೆ ಹೋಯಿತು. ನಾಲ್ಕಕ್ಕೆ ನಾಲ್ಕೂ.

ಅರ್ಧ ಗಂಟೆಯಲ್ಲಿ ಕುಸಕಾರಿ ಬಂದ. ಊರಿನ ಹೊರಠಾಣೆಗೆ ಅವನೊಬ್ಬನೇ ಪೊಲೀಸ್. ವಯಸ್ಸು ಐವತ್ತು. ಸಿಟ್ಟು ಮೂಗಿನ ತುದಿಯಲ್ಲಿ.

"ಗಿಡ ಸತ್ತರೆ ಪೊಲೀಸರನ್ನ ಕರೀತಾರಾ ಅಕ್ಕ?"

"ಕೊಲೆ ಆದ್ರೆ ಕರೀಬಾರದಾ?"

ಕುಸಕಾರಿ ಪೆಟ್ಟಿಗೆಗಳ ಮುಂದೆ ಕೂತ. ಈ ಗಿಡದ ಕಥೆ ಊರಿಗೆಲ್ಲ ಗೊತ್ತಿತ್ತು. ಗಿಬೋಶಿ, ಹೊರದೇಶದವರು ಹೋಸ್ಟಾ ಅನ್ನುವ ಗಿಡ, ಈ ಬೆಟ್ಟಗಳಲ್ಲಿ ಎಲ್ಲೆಲ್ಲೂ ಇದೆ. ಆದರೆ ಇಂಥದ್ದು ಇರಲಿಲ್ಲ. ಹಾಲಿನಂಥ ಬಿಳಿ ಎಲೆ, ಅಂಚಿಗೆ ಹಸಿರು ದಾರ. ನಲವತ್ತು ವರ್ಷದ ಹಿಂದೆ ಹಿಸಾನೊಳ ಅತ್ತೆ ಯೊನೆ ಕಡಿದಾದ ಬಂಡೆಯಿಂದ ಬಟ್ಟೆಯಲ್ಲಿ ಕಟ್ಟಿಕೊಂಡು ಇಳಿಸಿದ್ದಳು. ಪ್ರಪಂಚದಲ್ಲಿ ಇದ್ದದ್ದು ನಾಲ್ಕೇ. ಬರುವ ಮೇ ತಿಂಗಳು ಪಟ್ಟಣದ ಗಿಬೋಶಿ ಪ್ರದರ್ಶನದಲ್ಲಿ ಅದಕ್ಕೆ ಯೊನೆಯ ಹೆಸರನ್ನೇ ಇಡುವುದೆಂದು ನಿಶ್ಚಯವಾಗಿತ್ತು. ಯೊನೆಗೆ ಈಗ ತೊಂಬತ್ತೊಂದು. ಗಿಡವಿಲ್ಲದಿದ್ದರೆ ಹೆಸರೂ ಇಲ್ಲ.

"ಅತ್ತೆಗೆ ಹೇಳಿಲ್ಲ," ಎಂದಳು ಹಿಸಾನೊ. "ಹೇಗೆ ಹೇಳಲಿ?"

"ಯಾರ ಮೇಲೆ ಅನುಮಾನ?"

"ಇನ್ಯಾರು, ಆ ಗೆಂಕಿಚಿ! ಹಿಮ ತಳ್ಳೋ ಯಂತ್ರ ಓಡಿಸ್ತಾನಲ್ಲ. ರಸ್ತೆಗೆ ಹಾಕಿದ ಉಪ್ಪಿನ ಸಮೇತ ಎಲ್ಲಾ ತಂದು ನನ್ನ ಗೋಡೆಗೇ ಸುರೀತಾನೆ. ಜನವರಿಯಲ್ಲಿ ಬೈದಿದ್ದೆ. ಸೇಡು ತೀರಿಸ್ಕೊಂಡ."

ಕುಸಕಾರಿಯ ಕಿವಿ ಕೆಂಪಾಯಿತು.

* * *

ಗೆಂಕಿಚಿ ಯಂತ್ರದ ಮೆಟ್ಟಿಲ ಮೇಲೆ ಕೂತು ಅನ್ನದ ಉಂಡೆ ತಿನ್ನುತ್ತಿದ್ದ.

"ನಿನ್ನ ಯಂತ್ರಕ್ಕಂತೂ ಕಣ್ಣಿಲ್ಲ, ನಿನಗೂ ಇಲ್ವೇನೋ? ಮುದುಕಿಯ ಗಿಡಕ್ಕೆ ಉಪ್ಪು ಸುರೀತೀಯಾ?"

ಗೆಂಕಿಚಿ ನಿಧಾನವಾಗಿ ಅಗಿದು ನುಂಗಿದ. "ಬೈದು ಮುಗೀತಾ, ಕುಸಕಾರಿ ಸಾನ್? ಆ ಗೋಡೆಗೆ ಎಷ್ಟು ಕುಂಡ ಇವೆ?"

"ಇಪ್ಪತ್ತೇಳು."

"ಸತ್ತಿದ್ದು?"

"ನಾಲ್ಕು."

"ಅಬ್ಬಾ! ನನ್ನ ಉಪ್ಪು ಒಳ್ಳೇ ಜಾತಿ ನೋಡಿ ನೋಡಿ ತಿನ್ನುತ್ತೆ."

ಬೈಯಲು ಬಂದವನು ತಲೆ ಕೆರೆದುಕೊಂಡು ಹಿಂದಿರುಗಿದ.

* * *

"ಚಳಿ ಜಾಸ್ತಿ ಆಯ್ತಾ?" ಅವನು ಹಿಸಾನೊಳನ್ನು ಕೇಳಿದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಗಿಬೋಶಿಗೆ ಚಳಿ ಅಂದ್ರೆ ತೊಟ್ಟಿಲು ಕಣಪ್ಪ. ಎಲೆ ಒಣಗಿ ಬುಡ ಮಲಗಿದ್ ಮೇಲೆ ಎಂಥಾ ಹೆಪ್ಪುಗಟ್ಟೋ ಚಳಿ ಬಂದ್ರೂ ತಡ್ಕೊಳ್ಳುತ್ತೆ. ಹಿಮ ಮುಚ್ಚಿದ್ರಂತೂ ಕಂಬಳಿ ಹೊದ್ದ ಹಾಗೆ. ಚಳಿ ಸಾಲದಿದ್ರೆ ವಸಂತದಲ್ಲಿ ನೆಟ್ಟಗೆ ಚಿಗುರೋದೂ ಇಲ್ಲ. ಕೊಲ್ಲೋದು ನೀರು. ಬುಡದಲ್ಲಿ ನಿಂತು, ಕರಗಿ, ಮತ್ತೆ ಗಟ್ಟಿಯಾಗಿ, ಮತ್ತೆ ಕರಗಿ... ಆಗ ಕೊಳೆಯುತ್ತೆ."

"ಹಾಗಾದ್ರೆ ನೀರು ನಿಂತಿತ್ತು."

"ಎಲ್ಲಿ ನಿಲ್ಲುತ್ತೆ? ಹಿಮ ಬೀಳೋಕ್ಕೆ ಮುಂಚೆ ಎಲ್ಲಾ ಕುಂಡಾನೂ ಪಕ್ಕಕ್ಕೆ ಮಲಗಿಸ್ತೀನಿ. ಇವಂತೂ ಟೋಫು ಅಚ್ಚು ಹಾಕೋ ಹಳೇ ಪೆಟ್ಟಿಗೆ. ಮೈ ತುಂಬಾ ತೂತು!"

ಕುಸಕಾರಿಗೆ ರೇಗಿತು. ಒಂದು ಪೆಟ್ಟಿಗೆ ಎತ್ತಿ ನೆಲಕ್ಕೆ ಮಗುಚಿಯೇ ಬಿಟ್ಟ. ಮಣ್ಣು ಪುಡಿಪುಡಿಯಾಗಿ ಉದುರಿತು. ನಡುವೆ ಒಂದು ಹಿಡಿ ಬೇರು.

ಹಿಸಾನೊ ಪುಡಿಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಮೂರು ವರ್ಷದಿಂದ ಇದೇ ಪೆಟ್ಟಿಗೇಲಿ ಬೆಳೆದಿದೆ. ಬೇರು ಮೂಲೆಮೂಲೆಗೂ ಹೆಣೆದಿರಬೇಕು. ಮಗುಚಿದ್ರೆ ಟೋಫು ಥರ ಚೌಕವಾಗಿ ಬೀಳಬೇಕು."

"ಅಂದ್ರೆ ಇದು ನಿಮ್ಮ ಗಿಡವೇ ಅಲ್ಲ."

ಅವನು ಆ ಕೊಳೆತ ಬುಡವನ್ನು ನಲ್ಲಿಯ ಕೆಳಗೆ ಹಿಡಿದ. ಲೋಳೆ ತೊಳೆದುಹೋಯಿತು. ಕೆಳಗೆ ನಾಲ್ಕಾರು ಮೋಟುಗಳು, ಕತ್ತಿಯಿಂದ ಕೊಯ್ದ ಹಾಗೆ ನೇರ. ಬೇರುಗಳ ಸಂದಿಯಲ್ಲಿ ಭತ್ತದ ಹೊಟ್ಟು.

ಕುಸಕಾರಿ ರೈತನ ಮಗ. ಇಂಥ ಮೋಟು ಕಂಡು ಬೆಳೆದವನು. ಚಳಿಗಾಲದಲ್ಲಿ ಹೊಲದ ಗಿಬೋಶಿ ಬುಡಗಳನ್ನು ಅಗೆದು ತಂದು, ಬೆಚ್ಚನೆಯ ಮಡಿಯಲ್ಲಿ ಹೊಟ್ಟು ಮುಚ್ಚಿ ಎಬ್ಬಿಸುತ್ತಾರೆ. ಎಳೆಯ ಬಿಳಿ ಚಿಗುರನ್ನು ಕೊಯ್ದು ಉರುಯಿ ಎಂಬ ಸೊಪ್ಪಾಗಿ ಮಾರುತ್ತಾರೆ. ಶಕ್ತಿ ಬರಿದಾದ ಬುಡ ತಿಪ್ಪೆಗೆ ಹೋಗುತ್ತದೆ.

"ಹೀಗೆ ಎದ್ದ ಬುಡಾನ ಮತ್ತೆ ಹಿಮದಲ್ಲಿ ಹೂತ್ರೆ?" ಅವನು ಕೇಳಿದ.

"ಮಲಗಿದ ಗಿಡಕ್ಕೆ ಚಳಿ ತಾಯಿ. ಎದ್ದ ಗಿಡಕ್ಕೆ ಮೃತ್ಯು."

"ಊರಲ್ಲಿ ಉರುಯಿ ಬೆಳೆಯೋ ಉಳಿದವರೆಲ್ಲ ಹೊಟ್ಟು ಬಿಟ್ಟು ಮರಳು ಹಾಕ್ತಾರೆ. ಈಗಲೂ ಹೊಟ್ಟು ಹಾಕೋನು ಒಬ್ಬನೇ."

ಹಿಸಾನೊಳ ಮುಖ ಬಿಳಿಚಿತು. "ತಾದಾಓಮಿ... ಗಿಬೋಶಿ ಸಂಘದ ಅಧ್ಯಕ್ಷ. ಫೆಬ್ರವರಿಯಲ್ಲಿ ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋದ ದಿನ, ನಮ್ಮ ಸೂರಿನ ಹಿಮ ತೆಗೆದುಕೊಡ್ತೀನಿ ಅಂತ ತಾನಾಗೇ ಬಂದಿದ್ದ. ನಾನು ಟೋಫು ಕೊಟ್ಟು ಕಳಿಸಿದೆ!"

* * *

ತಾದಾಓಮಿಯ ಕೊಟ್ಟಿಗೆಯ ಹಿಂದೆ, ಹುಲ್ಲು ಹೊದಿಸಿದ ಹಿಮದಡಿಯಲ್ಲಿ, ನಾಲ್ಕು ದುಂಡು ಕುಂಡಗಳು ಪಕ್ಕಕ್ಕೆ ಮಲಗಿದ್ದವು.

"ಕಾಡಿನಿಂದ ತಂದಿದ್ದು," ಎಂದ ತಾದಾಓಮಿ. "ಎಲೆ ಇಲ್ಲದಾಗ ಗಿಬೋಶಿ ಎಲ್ಲಾ ಒಂದೇ. ಯಾರದು ಅಂತ ಯಾರು ಹೇಳ್ತೀರಿ?"

ಹಿಸಾನೊ ಒಂದು ಕುಂಡವನ್ನು ಅಂಗೈ ಮೇಲೆ ಮೆಲ್ಲಗೆ ಮಗುಚಿದಳು. ಸುತ್ತಲಿನ ಹೊಸ ಮಣ್ಣು ಉದುರಿತು. ಕೈಯಲ್ಲಿ ಉಳಿದದ್ದು ಬೇರಿನ ಇಟ್ಟಿಗೆ. ನಾಲ್ಕು ಮೂಲೆ. ಚೊಕ್ಕ ಚೌಕ.

"ನಾನು ಹೇಳ್ತೀನಿ," ಎಂದಳು.

ಕುಸಕಾರಿ ಗುಡುಗಿದ. "ಬರೀ ಕದ್ದಿದ್ರೆ ಊರೆಲ್ಲ ಹುಡುಕ್ತಿತ್ತು. ಬೇರೆ ಜೀವಂತ ಗಿಡ ಇಟ್ಟಿದ್ರೆ ವಸಂತಕ್ಕೆ ಹಸಿರೆಲೆ ಬಿಟ್ಟು ಗುಟ್ಟು ರಟ್ಟಾಗ್ತಿತ್ತು. ಸತ್ತ ಗಿಡ ಮಾತಾಡಲ್ಲ, ತಪ್ಪೆಲ್ಲ ಚಳಿಗಾಲದ ತಲೆ ಮೇಲೆ! ಮೇ ತಿಂಗಳಲ್ಲಿ ಅದೇ ಬಂಡೇಲಿ ಸಿಕ್ತು ಅಂತ ನೀನು ತಂದಿಡ್ತಿದ್ದೆ. ಹೋಲಿಸೋಕೆ ಅಕ್ಕನ ಹತ್ರ ಒಂದೂ ಇರ್ತಿರಲಿಲ್ಲ. ಒಳ್ಳೇ ತಲೆ ಕಣಯ್ಯ! ಆದ್ರೆ ಜಿಪುಣ. ಹೊಲದ ಒಳ್ಳೇ ಬುಡ ನಾಲ್ಕು ಕೊಳೆಸಿ ಹಾಕೋಕೆ ಮನಸ್ಸು ಬರಲಿಲ್ಲ, ತಿಪ್ಪೇದು ಹಾಕ್ದೆ. ಸರಿ, ಈ ಚೌಕಾನಾದ್ರೂ ಬಿಡಿಸಬಾರದಿತ್ತಾ? ಸಾಕ್ಷಿನೇ ಇರ್ತಿರಲಿಲ್ಲ."

ತಾದಾಓಮಿ ತಲೆ ತಗ್ಗಿಸಿದ. "ಮಲಗಿರೋವಾಗ ಬೇರು ಹರಿದ್ರೆ ಗಾಯಕ್ಕೆ ತೇವ ಇಳಿಯುತ್ತೆ. ಕೊಳೆತು ಹೋಗುತ್ತೆ. ಮೂವತ್ತು ವರ್ಷ ಅದನ್ನ ಬೇಲಿಯಾಚೆಯಿಂದ ನೋಡಿದ್ದೀನಿ, ಕುಸಕಾರಿ ಸಾನ್. ಕತ್ತಿ ಹಿಡಿದೆ. ಕೈ ಬರಲಿಲ್ಲ."

ಹಿಸಾನೊ ಮೊಗ್ಗನ್ನು ಉಗುರಿನಿಂದ ಒತ್ತಿದಳು. ಕಲ್ಲಿನಷ್ಟು ಗಟ್ಟಿ.

"ಚೆನ್ನಾಗಿ ನೋಡ್ಕೊಂಡಿದ್ದೀಯ, ಕಳ್ಳ ನನ್ಮಗನೆ," ಎಂದಳು. ದನಿಯಲ್ಲಿ ಸಿಟ್ಟಿತ್ತು. ಸಿಟ್ಟಷ್ಟೇ ಇರಲಿಲ್ಲ.

* * *

ಜೀಪಿನ ಮುಂದಿನ ಸೀಟಿನಲ್ಲಿ ಹಿಸಾನೊ. ಹಿಂದೆ ತಾದಾಓಮಿ, ಪಕ್ಕದಲ್ಲಿ ನಾಲ್ಕು ಕುಂಡ. ಕುಸಕಾರಿ ಹೀಟರ್ ಹಾಕಿದ.

"ಆರಿಸಿ ಕುಸಕಾರಿ ಸಾನ್," ಹಿಂದಿನಿಂದ ದನಿ ಬಂತು. "ಬೆಚ್ಚಗಾದ್ರೆ ಎದ್ದುಬಿಡುತ್ತೆ."

ಕುಸಕಾರಿ ಆರಿಸಿದ. ಕಿಟಕಿಗಳನ್ನೂ ಇಳಿಸಿದ. ಮೂವರೂ ಗಡಗಡ ನಡುಗುತ್ತ ಟೋಫು ಅಂಗಡಿಯವರೆಗೆ ಬಂದರು. ಅಲ್ಲಿ ನಿಲ್ಲಿಸಿದಾಗ ಪಟ್ಟಣದ ಠಾಣೆಯಿಂದ ಫೋನು. ಸಾಕ್ಷಿಗಳನ್ನು ಈಗಲೇ ತರಬೇಕಂತೆ.

"ಆಗಲ್ಲ ಸಾರ್. ಫೋಟೋ ಕಳಿಸ್ತೀನಿ. ಸಾಕ್ಷಿ ನಿದ್ದೆ ಮಾಡ್ತಿದೆ... ಕುಡಿದಿಲ್ಲ ಸಾರ್! ನಿಮ್ಮ ಠಾಣೇಲಿ ಒಲೆ ಉರಿಯುತ್ತೆ. ತಂದ್ರೆ ಎದ್ದು ಸಾಯುತ್ತೆ. ಸಸ್ಪೆಂಡ್ ಮಾಡ್ತೀರಾ? ಮಾಡಿ!"

ಹಿಸಾನೊ ನಾಲ್ಕನ್ನೂ ಗೋಡೆಯ ಬುಡಕ್ಕೆ ಮಲಗಿಸಿ ಹಿಮ ಎಳೆದಳು. ಮೇಲೆ ಕಿಟಕಿ ತೆರೆಯಿತು. ಯೊನೆ ಇಣುಕಿದಳು.

"ಏನೇ ಅದು ಗಲಾಟೆ? ನನ್ನ ಗಿಡಕ್ಕೆ ಏನಾಯ್ತೇ?"

"ಏನಿಲ್ಲ ಅತ್ತೆ. ಊರು ಸುತ್ತಿ ಬಂತು. ಈಗ ಮಲಗಿದೆ."

"ಮಲಗಲಿ," ಎಂದಳು ಮುದುಕಿ. "ಮೇ ತನಕ ಎಚ್ಚರ ಇರೋದು ನನ್ನ ಕೆಲಸ."