ಓರೆ ನೆಲದ ಕೋಣೆ

ಗೌರೀಶ ಹಿಂದಿನಿಂದ ಬಂದು ಎರಡೂ ಕಂಕುಳಿಗೆ ಕೈಹಾಕಿ ಎತ್ತಿದಾಗ ಮಧುಸೂದನನ ಪಾದಗಳು ನೆಲ ಬಿಟ್ಟವು. ಗೌರೀಶನನ್ನು ಕೊಲ್ಲಬೇಕೆಂದು ಅವನು ನಿರ್ಧರಿಸಿದ್ದು ಆಗಲೇ, ಹಾಗೆ ಗಾಳಿಯಲ್ಲಿ ನೇತಾಡುತ್ತಿದ್ದ ಹೊತ್ತಿನಲ್ಲೇ.

ತೊಂಬತ್ತಾರನೆಯ ಇಸವಿ, ಗಣೇಶನ ಹಬ್ಬದ ಹಿಂಚುಮುಂಚು. ಬಸವನಗುಡಿಯ ಒಂದು ಸಭಾಂಗಣದಲ್ಲಿ ಮಧುಸೂದನನ ಚಿತ್ರಗಳ ಪ್ರದರ್ಶನ ಅಂದು ಶುರುವಾಗುವುದಿತ್ತು. ಎರಡು ಮಾತಾಡಲು ಅವನನ್ನು ಕರೆದರು. ಮೈಕು ಎತ್ತರದಲ್ಲಿತ್ತು. ಯಾರಾದರೂ ಇಳಿಸಿಕೊಡಲಿ ಎಂದು ಅವನು ಕಾಯುತ್ತಿದ್ದಾಗ ಗೌರೀಶ ಬಂದು ಮಗುವನ್ನು ಎತ್ತುವ ಹಾಗೆ ಎತ್ತಿ ಹಿಡಿದ.

"ಮಾತಾಡು ಗುರು! ಇವ್ರೇ ನೋಡಿ ನಮ್ಮ ಪುಟಾಣಿ ಮೇಷ್ಟ್ರು!"

ಸಭೆಗೆ ಸಭೆಯೇ ನಕ್ಕಿತು. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಅದರಲ್ಲಿ ಮಧುಸೂದನನ ಚಿತ್ರ ಒಂದೂ ಇರಲಿಲ್ಲ. ಅವನ ಚಪ್ಪಲಿಯ ಅಡಿಭಾಗ ಕಾಣುತ್ತಿತ್ತು.

ಮಧುಸೂದನ ನಾಲ್ಕೂವರೆ ಅಡಿಯ ಮನುಷ್ಯ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅಕ್ಕ ಆಂಡಾಳ್ ಮನೆಯ ಮಹಡಿಯಲ್ಲಿ ಒಂದು ಕೋಣೆ, ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಕೈವಾರ, ಸ್ಕೇಲು, ಕಪ್ಪು ಶಾಯಿ. ಅಕ್ಕ ಬಾಗಿಲಿಗೆ ಇಡುತ್ತಿದ್ದ ರಂಗೋಲಿಯ ಚುಕ್ಕಿಗಳಲ್ಲಿ ಅವನಿಗೆ ಚಿಕ್ಕಂದಿನಲ್ಲೇ ಗಣಿತ ಕಂಡಿತ್ತು. ಅದನ್ನೇ ಬೆಳೆಸಿಕೊಂಡು ಹೋದ. ಮೇಲಿನಿಂದ ಎಣಿಸಿದರೆ ಮೂರು, ಕೆಳಗಿನಿಂದ ಎಣಿಸಿದರೆ ಎರಡು ಆಗುವ ಕಂಬಗಳು. ಕಣ್ಣು ಮಿಟುಕಿಸಿದರೆ ಒಳಗಿನದು ಹೊರಗಾಗುವ ಗೂಡುಗಳು. ನೋಡಿದವರಿಗೆ ತಲೆ ತಿರುಗುತ್ತಿತ್ತು. ಕಾಗದದ ಮೇಲೆ ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ನಿರ್ಧರಿಸುವವನು ಅವನೇ ಆಗಿದ್ದ. ಅಲ್ಲಿ ಅವನನ್ನು ಯಾರೂ ಎತ್ತಿ ಹಿಡಿಯುವಂತಿರಲಿಲ್ಲ.

ಗೌರೀಶ ಆರಡಿಯ ಆಳು. ಅವನ ಅಪ್ಪನ ಹೊಲಗಳು ಲೇಔಟಾಗಿದ್ದವು. ಅವನು ಅಪಾರ್ಟ್‌ಮೆಂಟು ಕಟ್ಟಿಸುತ್ತಿದ್ದ. ಮಧುಸೂದನನ ಚಿತ್ರಗಳನ್ನು ಮೊದಲು ಕೊಂಡವನು ಅವನೇ, ಪ್ರದರ್ಶನ ಮಾಡಿಸಿದವನು ಅವನೇ. ದೊಡ್ಡ ಚಿತ್ರಗಳಿಗೆ ಜಾಗ ಬೇಕೆಂದು ಚಾಮರಾಜಪೇಟೆಯಲ್ಲಿ ಹಳೆಯ ಪ್ರೆಸ್ಸಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದುಕೊಟ್ಟವನೂ ಅವನೇ. ಅದರ ಇನ್ನೊಂದು ಕೀಲಿಕೈ ಅವನ ಹತ್ತಿರವೇ ಇರುತ್ತಿತ್ತು. ಪ್ರದರ್ಶನಕ್ಕೂ ಮುಂಚೆ ಒಂದು ದಿನ ಅವನ ಹೊಸ ಅಪಾರ್ಟ್‌ಮೆಂಟಿನ ಬಚ್ಚಲಲ್ಲಿ ಕೈ ತೊಳೆಯಲು ಹೋದ ಮಧುಸೂದನ, ತಾನು ವರ್ಷಗಟ್ಟಲೆ ಕೂತು ಬರೆದ ಗೂಡುಗಳ ಚಿತ್ರ ನೆಲದ ಟೈಲ್ಸಾಗಿರುವುದನ್ನು ಕಂಡ. ಅದರ ಮೇಲೆ ಬಕೆಟ್ಟು ಇತ್ತು. ಕೇಳಿದ್ದಕ್ಕೆ ಗೌರೀಶ ಬೆನ್ನು ತಟ್ಟಿ, "ಬಾತ್‌ರೂಮಲ್ಲಿ ನಿನ್ ಹೆಸರು ಹಾಕಿದ್ರೆ ನಿಂಗೇ ಅವಮಾನ ಅಲ್ವಾ ಮಗಾ? ಅದಕ್ಕೇ ನನ್ನ ಹೆಸರು ಹಾಕ್ಕೊಂಡೆ" ಎಂದ. ಮಧುಸೂದನ ಅದನ್ನು ನುಂಗಿಕೊಂಡಿದ್ದ. ಎತ್ತಿ ಹಿಡಿದದ್ದನ್ನು ನುಂಗಲಾಗಲಿಲ್ಲ.

ಉಪಾಯ ಹೊಳೆದದ್ದು ಶೆಡ್ಡಿನ ಮಾಲೀಕ ಶ್ರೀನಿವಾಸಯ್ಯನವರಿಂದ. ಅವರ ಮನೆ ಮುಂದುಗಡೆ, ಶೆಡ್ಡು ಹಿತ್ತಲಲ್ಲಿ. ಸಂಪಿನ ಮೋಟರಿನ ಸ್ವಿಚ್ಚು ಶೆಡ್ಡಿನ ಬಾಗಿಲ ಪಕ್ಕದಲ್ಲಿತ್ತು. ದಿನಾ ಸಂಜೆ ಬಂದು ಮೋಟರು ಹಾಕುವರು. ಹಾಕಿದ ಮೇಲೆ ಬಾಗಿಲಿನಲ್ಲಿ ಹಳೆಯ ಬೀಗ ಕಿತ್ತ ಜಾಗದ ತೂತಿಗೆ ಕಣ್ಣಿಟ್ಟು ಒಳಗೆ ದೀಪ ಸುಮ್ಮನೆ ಉರಿಯುತ್ತಿದೆಯೇ ನೋಡುವರು. ಒಮ್ಮೆ ಸಿಕ್ಕಿಬಿದ್ದಾಗ, "ಕರೆಂಟ್ ಬಿಲ್ಲು ಕಟ್ಟೋನು ನಾನಲ್ವೇನಪ್ಪಾ" ಎಂದು ನಾಚಿಕೊಂಡು ನಕ್ಕಿದ್ದರು. ಒಂದು ಕಣ್ಣು, ಒಂದು ತೂತು, ದಿನವೂ ಅದೇ ಜಾಗ. ತನ್ನ ವಿದ್ಯೆಗೆ ಇದಕ್ಕಿಂತ ಒಳ್ಳೆಯ ನೋಡುಗ ಎಲ್ಲಿ ಸಿಗಬೇಕು?

ಶೆಡ್ಡಿನೊಳಗೆ ಅವನು ಒಂದು ಕೋಣೆ ಕಟ್ಟಿದ. ಬಡಗಿಯನ್ನು ಕರೆಯಲಿಲ್ಲ; ಹೊಸ ಚಿತ್ರ ನಡೆದಿದೆ ಎಂದು ಹೇಳಿ ಯಾರನ್ನೂ ಒಳಗೆ ಬಿಡಲಿಲ್ಲ, ಮುಗಿಯುವ ತನಕ ಬಾಗಿಲಿನ ತೂತಿಗೂ ಬಟ್ಟೆ ತುರುಕಿಟ್ಟ. ಪ್ಲೈವುಡ್ಡು, ಮೊಳೆ, ಬಣ್ಣ. ಎದುರಿನ ಗೋಡೆ ಓರೆಯಾಗಿ ಎಡಕ್ಕೆ ದೂರ ಸರಿದುಹೋಗಿತ್ತು, ಬಲಕ್ಕೆ ಹತ್ತಿರ ಬಂದಿತ್ತು. ನೆಲ ಎಡಕ್ಕೆ ಇಳಿದಿತ್ತು, ಚಾವಣಿ ಎಡಕ್ಕೆ ಏರಿತ್ತು. ಕಿಟಕಿಗಳು ಕೂಡ ಸೊಟ್ಟ, ನೆಲದ ಕಪ್ಪುಬಿಳಿ ಚೌಕಗಳೂ ಸೊಟ್ಟ. ಒಳಗೆ ನಿಂತು ನೋಡಿದರೆ ಭೂಕಂಪವಾದ ಮನೆಯಂತಿತ್ತು. ಬಾಗಿಲಿನ ತೂತಿಗೆ ಒಂಟಿ ಕಣ್ಣಿಟ್ಟು ನೋಡಿದರೆ ಮಾತ್ರ ಎಲ್ಲ ಸೊಟ್ಟವೂ ಒಂದಕ್ಕೊಂದು ಸರಿಹೋಗಿ, ಸುಣ್ಣ ಬಳಿದ ಸಾಧಾರಣ ಚಚ್ಚೌಕದ ಕೋಣೆ ಕಾಣುತ್ತಿತ್ತು. ಆದರೆ ಅದರ ಬಲಮೂಲೆಯಲ್ಲಿ ಏನಿಟ್ಟರೂ ಬೆಟ್ಟದಷ್ಟು ದೊಡ್ಡದಾಗಿ ಕಾಣುತ್ತಿತ್ತು. ತನ್ನಷ್ಟೇ ಎತ್ತರದ ಕೋಲೊಂದನ್ನು ಅಲ್ಲಿ ನಿಲ್ಲಿಸಿ, ಅದಕ್ಕೆ ಮಂಕಿ ಕ್ಯಾಪು ತೊಡಿಸಿ, ಹೊರಗೆ ಬಂದು ತೂತಿಗೆ ಕಣ್ಣಿಟ್ಟ. ಕಿಟಕಿಯ ಜೊತೆ ಹೋಲಿಸಿದ, ಗೋಡೆಯ ಜೊತೆ ಹೋಲಿಸಿದ, ನೆಲದ ಚೌಕಗಳ ಜೊತೆ ಹೋಲಿಸಿದ. ಎಲ್ಲಿಂದ ಲೆಕ್ಕ ಹಾಕಿದರೂ ಅಲ್ಲಿ ನಿಂತಿದ್ದವನು ಏಳಡಿಯ ದೈತ್ಯ. ಅವನು ಎಷ್ಟೋ ತಿಂಗಳ ಮೇಲೆ ಬಾಯಿತುಂಬ ನಕ್ಕ.

ಉಳಿದದ್ದೆಲ್ಲ ಸಲೀಸು. ಗೌರೀಶ ಸಾಯುವುದನ್ನು ಶ್ರೀನಿವಾಸಯ್ಯ ನೋಡಬೇಕು, ನೋಡಿ ಓಡಬೇಕು. ಅವರು ಜನ ಕರೆತರುವಷ್ಟರಲ್ಲಿ ಟರ್ಪೆಂಟೈನು ಚೆಲ್ಲಿದ ಪ್ಲೈವುಡ್ಡು ಕೋಣೆಯನ್ನು ಬೂದಿ ಮಾಡಿರುತ್ತದೆ. ಜಮೀನಿನ ವ್ಯವಹಾರದಲ್ಲಿ ಗೌರೀಶನಿಗೆ ಶತ್ರುಗಳಿಗೇನು ಬರ? ಪೊಲೀಸರು ಒಬ್ಬ ದೈತ್ಯನನ್ನು ಹುಡುಕುತ್ತಾರೆ. ಊರಲ್ಲಿ ಯಾರ ಮೇಲೆ ಬೇಕಾದರೂ ಅನುಮಾನ ಬಂದೀತು, ನಾಲ್ಕೂವರೆ ಅಡಿಯ ಮಧುಸೂದನನೊಬ್ಬನನ್ನು ಬಿಟ್ಟು.

ಡಿಸೆಂಬರಿನ ಒಂದು ಸಂಜೆ, ಹೊಸ ಚಿತ್ರ ಮುಗಿಯಿತು ಬಾ ಎಂದು ಮಧುಸೂದನ ಕರೆದದ್ದಕ್ಕೆ, ಗೌರೀಶ ಹಿಂದಿನ ಓಣಿಯ ಬಾಗಿಲಿನಿಂದ ಒಳಗೆ ಬಂದ. ಸುತ್ತ ನೋಡಿ ಗೊಳ್ಳೆಂದು ನಕ್ಕ.

"ಏನಯ್ಯಾ ಇದು, ಕುಡ್ಕೊಂಡು ಕಟ್ಟಿದ ಹಾಗಿದೆ! ನೀನ್ ಯಾಕೋ ಮಂಕಿ ಕ್ಯಾಪ್ ಹಾಕ್ಕೊಂಡಿದೀಯಾ?"

"ಚಳಿ" ಎಂದ ಮಧುಸೂದನ. "ಆ ಮೂಲೆಗೆ ಬಾ. ನೆಲದಲ್ಲಿ ನಿನ್ನ ಹೆಸರು ಬರೆದಿದೀನಿ, ಬಗ್ಗಿ ನೋಡು."

ಹೊರಗೆ ಸ್ವಿಚ್ಚು ಟಪ್ ಎಂದಿತು. ಮೋಟರು ಗುಂಯ್‌ಗುಟ್ಟತೊಡಗಿತು. ಗೌರೀಶ ಬಲಮೂಲೆಗೆ ಹೋಗಿ ಮಂಡಿಯ ಮೇಲೆ ಕೈಯೂರಿ ಬಗ್ಗಿದ. ಮಧುಸೂದನ ಹಳೆಯ ಪ್ರೆಸ್ಸಿನ ಕಬ್ಬಿಣದ ಹಿಡಿಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ತಲೆಯ ಹಿಂಭಾಗಕ್ಕೆ ಬಾರಿಸಿದ.

ತೆಂಗಿನಕಾಯಿ ಒಡೆದಂಥ ಸದ್ದಾಯಿತು. ಗೌರೀಶ ಮುಖ ಅಡಿಯಾಗಿ ಬಿದ್ದ. ಲೆಕ್ಕದ ಪ್ರಕಾರ ಅವನ ಪಾಲಿಗೆ ಅಲ್ಲಿಗೆ ಮುಗಿಯಬೇಕಿತ್ತು. ಶ್ರೀನಿವಾಸಯ್ಯ ತೂತಿಗೆ ಕಣ್ಣಿಡುವ ಹೊತ್ತಿಗೆ ದೈತ್ಯನೊಬ್ಬ ಬಿದ್ದವನ ಮೇಲೆ ನಿಂತು ಹೊಡೆಯುತ್ತಿರಬೇಕಿತ್ತು. ಆದರೆ ಗೌರೀಶ ಎದ್ದ. ಗೋಡೆ ಹಿಡಿದು, ಬಿಳಿ ಗೋಡೆಯ ಮೇಲೆ ಕೆಂಪು ಅಂಗೈ ಎಳೆಯುತ್ತ, ಪೂರ್ತಿ ಎದ್ದು ನಿಂತ. ಅವನ ತಲೆ ಚಾವಣಿಗೆ ತಾಗಿತು. ಕಣ್ಣಿಗೆ ರಕ್ತ ಇಳಿದಿತ್ತು. ಮಧುಸೂದನನ ಸ್ವೆಟರಿನ ಕೊರಳನ್ನು ಮುಷ್ಟಿಯಲ್ಲಿ ಹಿಡಿದು, "ಲೋ ಮಧು... ಯಾಕೋ?" ಎಂದ. ಮೋಟರಿನ ಸದ್ದಿನಲ್ಲಿ ಅದು ಹೊರಗೆ ಕೇಳುವಂತಿರಲಿಲ್ಲ.

ಮಧುಸೂದನ ಕೆಳಗಿನಿಂದ ಮೇಲಕ್ಕೆ ಬೀಸಿದ. ದವಡೆ ಮುರಿಯಿತು, ಹಲ್ಲುಗಳು ಅವನ ಕ್ಯಾಪಿನ ಮೇಲೆ ಉದುರಿದವು. ಹಿಡಿತ ಸಡಿಲಾಗಲಿಲ್ಲ. ತುದಿಗಾಲಲ್ಲಿ ನಿಂತು ಕಪಾಲಕ್ಕೆ ಹೊಡೆದ. ಮತ್ತೆ ಅದೇ ಜಾಗಕ್ಕೆ ಹೊಡೆದ. ಬಾಗಿಲಾಚೆ ಶ್ರೀನಿವಾಸಯ್ಯ ಕಿರುಚಿಕೊಂಡರು: "ಅಯ್ಯೋ! ಬಿಡೋ ಅವನ್ನ! ಯಾರಾದ್ರೂ ಬನ್ರಪ್ಪಾ, ಕೊಲೆ!" ಆ ಕೂಗು ಕೇಳಿ ಮಧುಸೂದನನ ತೋಳಿಗೆ ಹೊಸ ಬಲ ಬಂತು. ಗೌರೀಶ ಕುಸಿದು ಬಿದ್ದ ಮೇಲೂ ಹೊಡೆಯುತ್ತಲೇ ಇದ್ದ. ಗೌರೀಶ ಸತ್ತಾಗಿತ್ತು, ಮುಖ ಯಾರದೆಂದು ಹೇಳಲಾಗದಷ್ಟು ಕೆಟ್ಟಿತ್ತು, ಆದರೂ ನಿಲ್ಲಿಸಲು ಮನಸ್ಸು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಯಾರೋ ಅವನನ್ನು ದೊಡ್ಡವನೆಂದು ನೋಡಿದ್ದರು.

ಚಪ್ಪಲಿಯ ಸದ್ದು ದೂರ ಓಡಿತು. ಕ್ಯಾಪು, ಸ್ವೆಟರು, ಕೈಗವಸುಗಳನ್ನು ಹೆಣದ ಮೇಲೆ ಎಸೆದು, ಟರ್ಪೆಂಟೈನು ಚೆಲ್ಲಿ, ಬೆಂಕಿಕಡ್ಡಿ ಗೀರಿ, ಹಿಂದಿನ ಓಣಿಗೆ ಇಳಿದ. ಅವನು ಮನೆ ಸೇರುವ ಹೊತ್ತಿಗೆ ಅವನ ಕೋಣೆಯಲ್ಲಿ ಹಚ್ಚಿಟ್ಟು ಹೋಗಿದ್ದ ರೇಡಿಯೋ ಇನ್ನೂ ಹಾಡುತ್ತಿತ್ತು. ಹೊರಗಿನ ಮೆಟ್ಟಿಲು ಹತ್ತಿ, ಕೈಕಾಲು ತೊಳೆದು, ಬಟ್ಟೆ ಬದಲಿಸಿ ಕೆಳಗೆ ಬಂದ. ಅಕ್ಕ ಒಲೆಯ ಮುಂದಿದ್ದಳು.

"ಮಧ್ಯಾಹ್ನದಿಂದ ಅದೇನು ಮಹಡಿ ಬಿಟ್ಟು ಇಳಿದೇ ಇಲ್ವಲ್ಲೋ. ಕಾಫಿ ಆದ್ರೂ ಕುಡಿ" ಎಂದಳು. ಅವನು ಕಾಫಿ ಕುಡಿದ.

ಮುಂದಿನದೆಲ್ಲ ಅವನು ಗೆರೆ ಎಳೆದ ಹಾಗೆಯೇ ನಡೆಯಿತು. ಬೆಂಕಿಗೆ ಶೆಡ್ಡಿನ ಶೀಟುಗಳು ಸಿಡಿದು, ಕೋಣೆಯ ಗುರುತೂ ಉಳಿಯಲಿಲ್ಲ. ಸುಟ್ಟ ಹೆಣವನ್ನು ಕೈಗಡಿಯಾರದಿಂದ ಗುರುತಿಸಿದರು. ಹೊಡೆದವನು ಹೇಗಿದ್ದ ಎಂದು ಇನ್‌ಸ್ಪೆಕ್ಟರ್ ವೆಂಕಟಪ್ಪ ಕೇಳಿದ್ದಕ್ಕೆ ಶ್ರೀನಿವಾಸಯ್ಯ, "ರಾಕ್ಷಸ ಸ್ವಾಮಿ. ಕಿಟಕಿಗಿಂತ ಮೇಲಿದ್ದ" ಎಂದರು. ಪತ್ರಿಕೆಗಳು ಅದನ್ನೇ ಬರೆದವು. ಸ್ಟೇಷನ್ನಿನಲ್ಲಿ ವೆಂಕಟಪ್ಪ ಮಧುಸೂದನನಿಗೆ ಕುರ್ಚಿ ಹಾಕಿಸಿ, ಚಿತ್ರಗಳೆಲ್ಲ ಸುಟ್ಟುಹೋದವಲ್ಲ ಎಂದು ಮರುಗಿದರು. ಗೌರೀಶ ಜಮೀನಿನವರನ್ನು ಶೆಡ್ಡಿಗೆ ಕರೆಸಿಕೊಳ್ಳುತ್ತಿದ್ದ ಎಂದು ಮಧುಸೂದನ ಹೇಳಿದ್ದನ್ನು ನಂಬಿದರು.

ಸಂಕ್ರಾಂತಿಗೆ ಮೊದಲೇ ಬಿನ್ನಿಪೇಟೆಯ ಮಾಯಣ್ಣ ಸಿಕ್ಕ. ಲಾರಿಗೆ ಮೂಟೆ ಹೊರುವವನು, ಆರೂವರೆ ಅಡಿಗೂ ಮೇಲೆ ಎತ್ತರ. ಸೈಟಿನ ವಿಷಯಕ್ಕೆ ಗೌರೀಶನೊಂದಿಗೆ ಬೀದಿಯಲ್ಲಿ ಕೈಕೈ ಮಿಲಾಯಿಸಿದ್ದ. ಪೊಲೀಸರು ಅವನ ಅಂಗಾಲು ಬಾಯುವ ತನಕ ಹೊಡೆದರು. ಸ್ಟೇಷನ್ನಿಗೆ ಹೋಗಿದ್ದಾಗ ಒಳಗಿನಿಂದ ಬಂದ ಅರಚಾಟ ಮಧುಸೂದನನಿಗೂ ಕೇಳಿಸಿತು. ಎತ್ತರವಾಗಿ ಹುಟ್ಟಿದ್ದಕ್ಕೂ ಒಂದಿಷ್ಟು ಅನುಭವಿಸಲಿ ಎಂದುಕೊಂಡ. ಆ ರಾತ್ರಿ ಹೊಸ ಚಿತ್ರವೊಂದನ್ನು ಶುರುಮಾಡಿದ.

ಚಾರ್ಜ್‌ಶೀಟು ಹಾಕುವ ಮುಂಚೆ ವೆಂಕಟಪ್ಪ ಎಲ್ಲರನ್ನೂ ಸ್ಥಳಕ್ಕೆ ಕರೆಸಿದರು. ಸುಟ್ಟ ಶೆಡ್ಡಿನಲ್ಲಿ ನಾಲ್ಕು ಕರಿಗೋಡೆಗಳ ನಡುವೆ ಬಿಸಿಲು ಬಿದ್ದಿತ್ತು. ಬೇಡಿ ಹಾಕಿದ ಮಾಯಣ್ಣ ಕುಂಟುತ್ತ ಬಂದ. ಶೆಡ್ಡಿನ ಬಾಡಿಗೆದಾರನೆಂದು ಮಧುಸೂದನನೂ ಬಂದು ರುಜು ಹಾಕಿ ಪಕ್ಕದಲ್ಲಿ ನಿಂತ.

"ನಾನೂ ಗೌರೀಶನಷ್ಟೇ ಎತ್ತರ" ಎಂದರು ವೆಂಕಟಪ್ಪ, ಬಲಮೂಲೆಗೆ ಹೋಗಿ ನಿಂತು. "ಈಗ ನಾನೇ ಗೌರೀಶ್ ಅಂದ್ಕೊಳ್ಳಿ. ಲೋ ಮಾಯಣ್ಣ, ಬಾ ಇಲ್ಲಿ, ಎದುರಿಗೆ ನಿಲ್ಲು. ನೋಡಿ ಯಜಮಾನ್ರೇ, ಹೀಗೇ ತಾನೇ ಇದ್ದಿದ್ದು?"

ಶ್ರೀನಿವಾಸಯ್ಯ ಮಾಯಣ್ಣನನ್ನು ತಲೆಯೆತ್ತಿ ನೋಡಿದರು. ವೆಂಕಟಪ್ಪನವರನ್ನು ನೋಡಿದರು.

"ಅಲ್ಲ ಸ್ವಾಮಿ. ಹೊಡೆದೋನು ಗೌರೀಶಪ್ಪನಿಗಿಂತ ಕುಳ್ಳ. ಎಗರಿ ಎಗರಿ ಹೊಡೀತಿದ್ದ."

"ರಾಕ್ಷಸ ಅಂದಿದ್ರಲ್ರೀ ನೀವು?"

"ಇಬ್ರೂ ರಾಕ್ಷಸರ ಹಾಗೇ ಕಂಡ್ರು ಸ್ವಾಮಿ. ಗೌರೀಶಪ್ಪ ಇನ್ನೂ ದೊಡ್ಡ ರಾಕ್ಷಸ, ತಲೆ ಚಾವಣಿಗೆ ತಾಗಿತ್ತು. ನೀವು ಹೊಡೆದೋನ ವಿಷಯ ಒಂದೇ ಕೇಳಿದ್ರಿ, ಅಷ್ಟಕ್ಕೇ ಹೇಳಿದೆ." ಅವರು ಹತ್ತಿರ ಬಂದು, ಅಂಗೈಯನ್ನು ನೆಲಕ್ಕೆ ಸಮನಾಗಿ ಚಾಚಿ, ವೆಂಕಟಪ್ಪನವರ ಎದೆಯ ಮೇಲಿನ ಜೇಬಿನ ಮಟ್ಟಕ್ಕೆ ಹಿಡಿದರು. "ಅವನು ಗೌರೀಶಪ್ಪನಿಗೆ ಇಷ್ಟೇ ಬರ್ತಿದ್ದ."

ವೆಂಕಟಪ್ಪ ತಲೆ ಕೆರೆದುಕೊಂಡು ಸುತ್ತ ನೋಡಿದರು. "ಅಷ್ಟು ಎತ್ತರಕ್ಕೆ ಯಾರನ್ನಪ್ಪಾ ನಿಲ್ಲಿಸೋದು... ಮಧುಸೂದನ್ ಅವ್ರೇ, ಬೇಜಾರ್ ಮಾಡ್ಕೋಬೇಡಿ, ಒಂದ್ ನಿಮಿಷ ಇಲ್ಲಿ ಬನ್ನಿ" ಎಂದರು. ಅವರ ದನಿಯಲ್ಲಿ ಇನ್ನೂ ಯಾವ ಅನುಮಾನವೂ ಇರಲಿಲ್ಲ. ಮಧುಸೂದನನಿಗೆ ಮಾತ್ರ ಆ ಹೊತ್ತಿಗೆ ಎಲ್ಲ ಅರ್ಥವಾಗಿಹೋಗಿತ್ತು. ಅವನು ತನ್ನನ್ನು ಗೋಡೆಯೊಂದಿಗೆ ಅಳೆದಿದ್ದ, ಕಿಟಕಿಯೊಂದಿಗೆ ಅಳೆದಿದ್ದ. ಪಕ್ಕದಲ್ಲಿ ಎದ್ದು ನಿಲ್ಲುವ ಗೌರೀಶನೊಂದಿಗೆ ಅಳೆದಿರಲಿಲ್ಲ. ಆ ಮೂಲೆ ಇಬ್ಬರನ್ನೂ ಒಂದೇ ಸಮ ಹಿಗ್ಗಿಸಿತ್ತು. ಯಾರು ಯಾರ ಎದೆಗೆ ಬರುತ್ತಾರೆ ಎಂಬುದನ್ನು ಕೂದಲೆಳೆಯಷ್ಟೂ ಬದಲಿಸಿರಲಿಲ್ಲ. ಕಾನ್‌ಸ್ಟೇಬಲ್ ಒಬ್ಬ ಮೆಲ್ಲಗೆ ಅವನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದ. ಕಾಲುಗಳು ತಾವಾಗಿಯೇ ನಡೆದವು. ಶ್ರೀನಿವಾಸಯ್ಯನವರ ಅಂಗೈ ಅವನ ನೆತ್ತಿಗೆ ತಾಗಿತು, ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ, ಅಲ್ಲೇ ನಿಂತಿತು.